ಅವ್ವನ ಖಾತೆ, ಮಗುವಿನ ಲೆಕ್ಕ

(ಹುಬ್ಬಳ್ಳಿಯಲ್ಲಿ ಒಂದು ಸಂಜೆ ಆಡಿದ ಮಾತಿನ ಬರಹ ರೂಪ. ನಡುನಡುವೆ ಜನ ಕೇಳಿದ್ದನ್ನೂ ಒಳಗೇ ಸೇರಿಸಿಕೊಂಡಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಲೆಕ್ಕದ ಮನುಷ್ಯ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಬಿಲ್ಲು ಬರೆದವನು. ಬರೆದದ್ದನ್ನು ಖಜಾನೆಗೆ ಒಯ್ಯುವುದು, ಆಕ್ಷೇಪಣೆ ಹಾಕಿಸಿಕೊಂಡು ವಾಪಸ್ ಬರುವುದು, ಮತ್ತೆ ಬರೆಯುವುದು. ಭಾಷಣ ಮಾಡಿ ರೂಢಿ ಇಲ್ಲ. ಈಗ ಒಳಗೆ ಬರುವ ಮುಂಚೆ ಹೊರಗೆ ಗಾಡಿಯಲ್ಲಿ ಒಂದು ಪ್ಲೇಟ್ ಗಿರ್ಮಿಟ್ ತಿಂದೆ, ಮೂವತ್ತು ರೂಪಾಯಿ ಆಯಿತು. ಆ ಮೂವತ್ತು ರೂಪಾಯಿ ನೆನಪಿಟ್ಟುಕೊಂಡಿರಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ಮೊದಲು ಒಂದು ನಂಬರ್ ಹೇಳುತ್ತೇನೆ. 2235. ಸರ್ಕಾರದ ಲೆಕ್ಕದಲ್ಲಿ ಇದು ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಬಾಬ್ತು. ದೇಶದ ಯಾವ ರಾಜ್ಯದ ಬಜೆಟ್ ಪುಸ್ತಕ ತೆಗೆದರೂ ಇದೇ ನಂಬರ್. ಇದನ್ನೊಂದು ಊರು ಅಂತ ತಿಳಿದುಕೊಳ್ಳಿ. ಅದರಲ್ಲಿ 02 ಅಂತ ಒಂದು ಓಣಿ. ಆ ಓಣಿಯಲ್ಲಿ 102ನೇ ಮನೆ ಮಕ್ಕಳ ಕಲ್ಯಾಣ, 103ನೇ ಮನೆ ಮಹಿಳಾ ಕಲ್ಯಾಣ. ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. 104 ವಯಸ್ಸಾದವರು ಮತ್ತು ದಿಕ್ಕಿಲ್ಲದವರದು. 105 ಪಾನನಿರೋಧ. ಅಬಕಾರಿ ಆದಾಯದ ಮೇಲೆ ನಡೆಯುವ ರಾಜ್ಯದಲ್ಲಿ ಆ ಮನೆ ಮುಂದೆ ಜಾಸ್ತಿ ಹೊತ್ತು ನಿಲ್ಲುವುದು ಬೇಡ.

ಇವತ್ತು ನಾನು ಹೇಳುವುದೆಲ್ಲ 102 ಮತ್ತು 103ನೇ ಮನೆಗಳ ಸಂಗತಿ. ಅವ್ವನ ಕೈಗೆ ರೊಕ್ಕ ಕೊಡುವುದು ಒಂದು ಕೆಲಸ. ಮಗುವಿನ ಹತ್ತಿರ ಒಬ್ಬ ಮನುಷ್ಯನನ್ನು ಕಳಿಸುವುದು ಇನ್ನೊಂದು ಕೆಲಸ. ಎರಡೂ ಬೇಕು. ಆದರೆ ಒಂದನ್ನು ಮಾಡಿ, ಇನ್ನೊಂದನ್ನೂ ಮಾಡಿದ ಹಾಗೆ ತೋರಿಸುವುದು ಲೆಕ್ಕ ಬಲ್ಲವರಿಗೆ ಬಹಳ ಸುಲಭ. ನಾನೂ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಿವೃತ್ತಿಯಾದ ಮೇಲೆ ನಾನು ಹಾವೇರಿ ಜಿಲ್ಲೆಯ ನನ್ನ ಊರಲ್ಲೇ ಇದ್ದೇನೆ. ಸಾಯಂಕಾಲ ಕಟ್ಟೆ ಮೇಲೆ ಕುಳಿತರೆ ಅರ್ಜಿ ಬರೆಸಿಕೊಳ್ಳಲು ಯಾರಾದರೂ ಬರುತ್ತಾರೆ. ಹಾಗೆ ಒಂದು ದಿನ ಒಬ್ಬ ಹೆಣ್ಣುಮಗಳು ಬಂದಳು. ಗಂಡ ತೀರಿಹೋಗಿ ವರ್ಷ ಆಗಿತ್ತು. ಒಬ್ಬ ಮಗ, ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ನಾವು ಹೊರಗಿನವರಿಗೆ ಹೆಮ್ಮೆಯಿಂದ ಹೇಳುತ್ತೇವೆ. ದಿನಾ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವವಳ ಬೆರಳಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

"ಸಾಹೇಬ್ರ, ನನ್ನ ಮಗನ್ನ ಬಾಲಮಂದಿರಕ್ಕ ಹಾಕೂದೈತ್ರಿ, ಒಂದು ಅರ್ಜಿ ಬರದ ಕೊಡ್ರಿ" ಅಂದಳು.

ಯಾಕವ್ವ, ಅಂದೆ.

"ಕೈ ಉರಿ ಹೋಗಂಗಿಲ್ರಿ. ಎಷ್ಟ್ ತೊಳದ್ರೂ ಹೋಗಂಗಿಲ್ಲ. ರಾತ್ರಿ ಅವನ್ನ ಮುಟ್ಟಿದ್ರ ಅವಂಗೂ ಉರೀತೈತಿ. ಮನಿ ಮ್ಯಾಲ ತಗಡ ಹೊಚ್ಚೂದೂ ಆಗಂಗಿಲ್ರಿ. ಅಲ್ಲೆರ ಯಾರರ ನೋಡ್ಕೋತಾರು."

ಆಕೆಗೆ ಮಗ ಭಾರವಾಗಿರಲಿಲ್ಲ. ಸಾಕಲು ಆಗುತ್ತಿಲ್ಲ ಎನ್ನುವ ಹೆದರಿಕೆ, ಅಷ್ಟೇ. ಬಾಲಮಂದಿರಗಳಿಗೆ ಬರುವ ಮಕ್ಕಳೆಲ್ಲ ಅನಾಥರು ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಅವ್ವನೋ ಅಪ್ಪನೋ ಬದುಕಿದ್ದು, ಕೈಯಲ್ಲಿ ರೊಕ್ಕ ಇಲ್ಲದೆ ಬಂದ ಮಕ್ಕಳು ಅಲ್ಲಿ ಇರುತ್ತಾರೆ.

ನಾನು ಅರ್ಜಿ ಬರೆಯಲಿಲ್ಲ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಮಾಡಿದೆ. ವಿಧವಾ ವೇತನ 800 ರೂಪಾಯಿ, ಬರುತ್ತಿತ್ತು. ಗೃಹಲಕ್ಷ್ಮಿ 2,000, ಅದು ಬರುತ್ತಿರಲಿಲ್ಲ. ಯಾಕೆ ಅಂತ ಹೋಗಿ ನೋಡಿದರೆ ಬರುತ್ತಿತ್ತು, ಆದರೆ ಬೇರೆ ಬ್ಯಾಂಕಿಗೆ! ಯಾವಾಗಲೋ ಸಂಘದ ಸಾಲಕ್ಕೆ ಅಂತ ತೆಗೆಸಿದ ಖಾತೆಗೆ ಆಧಾರ್ ಜೋಡಣೆಯಾಗಿತ್ತು. ದುಡ್ಡು ಆಧಾರ್ ಹಿಡಿದುಕೊಂಡು ಅಲ್ಲಿಗೆ ಹೋಗಿ ಕುಳಿತಿತ್ತು. ಈ ಎನ್‌ಪಿಸಿಐ ಮ್ಯಾಪಿಂಗ್ ಎನ್ನುವ ಪದ ಈಗ ನಮ್ಮ ಹಳ್ಳಿ ಹೆಣ್ಣುಮಕ್ಕಳ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, "ಮ್ಯಾಪಿಂಗ್ ಆಗೇತೇನ ಯಕ್ಕಾ" ಅಂತ ಬಾವಿಕಟ್ಟೆಯಲ್ಲಿ ಕೇಳಿಕೊಳ್ಳುತ್ತಾರೆ.

ಮೂರನೆಯದು ಆಕೆಗೆ ಗೊತ್ತೇ ಇರಲಿಲ್ಲ. ಮಕ್ಕಳ ರಕ್ಷಣೆಗೆ ಅಂತ ಇರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ. ಗಂಡ ಸತ್ತವರು, ಗಂಡ ಬಿಟ್ಟವರು, ದೊಡ್ಡ ಕಾಯಿಲೆಯಲ್ಲಿ ಬಿದ್ದವರು, ಇಂಥವರ ಮಗು ಮನೆಯಲ್ಲೇ ಬೆಳೆಯಲಿ ಅಂತ ತಿಂಗಳಿಗೆ 4,000 ರೂಪಾಯಿ. ಮೊದಲು 2,000 ಇತ್ತು, 2022ರಲ್ಲಿ ಹೊಸ ಮಾರ್ಗಸೂಚಿ ಬಂದಾಗ ಹೆಚ್ಚಾಯಿತು. ಹಳ್ಳಿಯವರಾದರೆ ಮನೆಯ ವರ್ಷದ ಆದಾಯ 72,000ದ ಒಳಗಿರಬೇಕು, ಪಟ್ಟಣದಲ್ಲಿ 96,000. ಕೇಂದ್ರದ್ದು 60 ಪಾಲು, ರಾಜ್ಯದ್ದು 40.

ಮೂರೂ ಕೂಡಿಸಿದರೆ 6,800. ಹಾಳೆ ತಿರುಗಿಸಿ ತೋರಿಸಿದೆ. ಆಕೆ ಅಂಕಿ ನೋಡಲಿಲ್ಲ, ನನ್ನ ಮುಖ ನೋಡಿದಳು.

ಇದೇ ಹುಡುಗ ಬಾಲಮಂದಿರಕ್ಕೆ ಹೋಗಿದ್ದರೆ ಸರ್ಕಾರ ಅವನ ಊಟ, ಬಟ್ಟೆ, ಪುಸ್ತಕಕ್ಕೆ ಅಂತ ತಿಂಗಳಿಗೆ 3,000 ಕೊಡುತ್ತಿತ್ತು. ಅದು ಕಡಿಮೆ ಅಲ್ವಾ ಅನಿಸುತ್ತದೆ. ಆದರೆ ಕಟ್ಟಡ, ಅಡುಗೆಯವರು, ಕಾವಲಿನವರು, ಅಧೀಕ್ಷಕರ ಸಂಬಳ, ಕರೆಂಟ್ ಬಿಲ್ಲು, ಎಲ್ಲ ಬೇರೆ ಬೇರೆ ಕಾಲಮ್ಮಿನಲ್ಲಿ ಕುಳಿತಿರುತ್ತವೆ. ಕೂಡಿಸುವವರು ಯಾರೂ ಇಲ್ಲ. ಮಗುವನ್ನು ಅವ್ವನ ಹತ್ತಿರ ಬಿಡುವುದು ಸರ್ಕಾರಕ್ಕೂ ಅಗ್ಗ. ಲೆಕ್ಕದ ಮನುಷ್ಯನಾಗಿ ನನಗೆ ಈ ವಾದ ಸಾಕು.

ಆ ಹುಡುಗನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗ 103ನೇ ಮನೆಗೆ ಹೋಗೋಣ.

ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಗಳಿಗಿಲ್ಲ. 2024–25ರ ಬಜೆಟ್ಟಿನಲ್ಲಿ ಇದಕ್ಕೆ ಇಟ್ಟದ್ದು 28,608 ಕೋಟಿ. ಒಬ್ಬಳಿಗೆ ವರ್ಷಕ್ಕೆ 24,000. ಭಾಗಿಸಿ ನೋಡಿ, ಒಂದು ಕೋಟಿ ಹತ್ತೊಂಬತ್ತು ಲಕ್ಷ ಹೆಂಗಸರು. ಇಷ್ಟು ದೊಡ್ಡ ದುಡ್ಡು ನೇರವಾಗಿ ಹೆಂಗಸರ ಹೆಸರಿಗೆ ಹೋದದ್ದನ್ನು ನನ್ನ ನೌಕರಿಯಲ್ಲಿ ನಾನು ನೋಡಿರಲಿಲ್ಲ.

ಇದನ್ನು ಬಿಟ್ಟಿ ಭಾಗ್ಯ ಅನ್ನುವವರು ಈ ಸಭೆಯಲ್ಲೂ ಇದ್ದೀರಿ. ಇರಲಿ. ನಾನು ಹಾಗನ್ನುವುದಿಲ್ಲ. ಗದಗ ಜಿಲ್ಲೆಯಲ್ಲಿ ಅತ್ತೆ ಸೊಸೆ ಇಬ್ಬರೂ ಈ ದುಡ್ಡು ಕೂಡಿಟ್ಟು ಹೊಲದಲ್ಲಿ ಬೋರ್ ಕೊರೆಸಿದ್ದು ಪೇಪರಿನಲ್ಲಿ ಬಂದಿತ್ತು, ಓದಿದ್ದೀರಿ. ನಾನು ನೋಡಿದ್ದು ಅಂಥ ದೊಡ್ಡದೇನಲ್ಲ. ನಮ್ಮ ಓಣಿಯಲ್ಲಿ ಒಬ್ಬಳು ಮಗಳಿಗೆ ಕನ್ನಡಕ ಮಾಡಿಸಿದಳು. ಆ ಹುಡುಗಿ ಮೂರು ವರ್ಷದಿಂದ ಬೋರ್ಡಿನ ಹತ್ತಿರ ಎದ್ದು ಹೋಗಿ ಓದಿಕೊಂಡು ಬರುತ್ತಿದ್ದಳಂತೆ. ಕನ್ನಡಕಕ್ಕೆ ಗಂಡನ ಹತ್ತಿರ ಕೇಳಿದರೆ "ನೋಡೂಣು" ಅನ್ನುತ್ತಿದ್ದ. ಈಗ ಕೇಳುವ ಪ್ರಸಂಗವೇ ಬರಲಿಲ್ಲ. ಹಾಗೆಯೇ ಯಜಮಾನಿ ಯಾರು ಅಂತ ರೇಷನ್ ಕಾರ್ಡಿನಲ್ಲಿ ಹೆಸರು ನೋಡಿಕೊಂಡು ಅತ್ತೆ ಸೊಸೆ ಜಗಳಾಡಿ ಒಲೆ ಬೇರೆ ಮಾಡಿಕೊಂಡ ಮನೆಯನ್ನೂ ನೋಡಿದ್ದೇನೆ. ಎರಡೂ ನಿಜ.

ನನ್ನ ತಕರಾರು ಬೇರೆ. ಈ ದುಡ್ಡನ್ನು ತೋರಿಸಿ "ಮಕ್ಕಳಿಗೆ ಇಷ್ಟು ಮಾಡಿದ್ದೇವೆ" ಅನ್ನುವಾಗ ನನ್ನ ಕಿವಿ ನೆಟ್ಟಗಾಗುತ್ತದೆ. ಗೋಡೆಯ ಆಚೆ 102ನೇ ಮನೆಯಲ್ಲಿ ಏನಾಗುತ್ತಿದೆ?

ಅಂಗನವಾಡಿ ನೋಡಿ. ಅಂಗನವಾಡಿ ನಡೆಸುವ ಯೋಜನೆ ಐಸಿಡಿಎಸ್ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದಲ್ಲಿ ಮೊದಲು 33 ಕಡೆ. ಅದರಲ್ಲಿ ನಮ್ಮ ರಾಜ್ಯದ್ದು ಟಿ. ನರಸೀಪುರ. ಐವತ್ತು ವರ್ಷ ಆಯಿತು. ಅಂಗನವಾಡಿಯಲ್ಲಿ ಒಂದು ಮಗುವಿನ ಒಂದು ದಿನದ ಪೂರಕ ಆಹಾರಕ್ಕೆ ಕೇಂದ್ರ ನಿಗದಿ ಮಾಡಿದ ದರ 8 ರೂಪಾಯಿ. ಗರ್ಭಿಣಿ, ಬಾಣಂತಿಗೆ 9 ರೂಪಾಯಿ 50 ಪೈಸೆ. ತೀರಾ ಸೊರಗಿದ ಮಗುವಿಗೆ 12. ಇದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಮೊಟ್ಟೆ, ಹಾಲು ಅಂತ ರಾಜ್ಯ ಮೇಲೆ ಹಾಕುವುದು ಬೇರೆ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ 8 ರೂಪಾಯಿ 2017ರಲ್ಲಿ ಬಂದ ದರ. ನಾನು ನೌಕರಿ ಬಿಡುವವರೆಗೂ ಅದೇ 8ರಿಂದ ಗುಣಿಸಿ ಬಿಲ್ಲು ಮಾಡಿದ್ದೇನೆ. ಅಷ್ಟರಲ್ಲಿ ಎಣ್ಣೆ, ಬೇಳೆ, ಸಿಲಿಂಡರ್ ಎಲ್ಲೆಲ್ಲಿಗೋ ಹೋದವು.

ಈಗ ನನ್ನ ಗಿರ್ಮಿಟ್ ನೆನಪಿಸಿಕೊಳ್ಳಿ. ಮೂವತ್ತು ರೂಪಾಯಿ. ಒಂದು ಮಗುವಿಗೆ ಸುಮಾರು ನಾಲ್ಕು ದಿನ.

ಇನ್ನು ಅಕ್ಕೋರು. ನಮ್ಮ ಕಡೆ ಅಂಗನವಾಡಿ ಕಾರ್ಯಕರ್ತೆ ಅಂತ ಯಾರೂ ಅನ್ನುವುದಿಲ್ಲ, ಅಕ್ಕೋರು ಅನ್ನುತ್ತಾರೆ, ಇಲ್ಲವೇ ಟೀಚರ್. ಅವರಿಗೆ ಕೇಂದ್ರ ಕೊಡುವ ಗೌರವಧನ 2018ರಲ್ಲಿ 3,000ದಿಂದ 4,500 ಆಯಿತು. ಉಳಿದದ್ದು ರಾಜ್ಯ ಹಾಕಬೇಕು, ಹಾಕುತ್ತಿದೆ. ಗಮನಿಸಿ, ಸಂಬಳ ಅಲ್ಲ, ಗೌರವಧನ. ಈ ಪದ ಹುಡುಕಿದವನು ಬಹಳ ಜಾಣ. ಸಂಬಳ ಅಂದರೆ ತುಟ್ಟಿಭತ್ಯೆ, ಪಿಂಚಣಿ ಎಲ್ಲ ಹಿಂದೆ ಬರುತ್ತವೆ. ಗೌರವಕ್ಕೆ ಹಿಂದೆ ಮುಂದೆ ಏನೂ ಇಲ್ಲ. 2022ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇವರಿಗೆ ಗ್ರಾಚ್ಯುಟಿ ಕೊಡಬೇಕು ಅಂತ ಹೇಳಿತು. ಅದಕ್ಕೆ ನಲವತ್ತೇಳು ವರ್ಷ ಹಿಡಿಯಿತು.

ಆ ಅಕ್ಕೋರ ಒಂದು ದಿನ ನೋಡಿ. ಮಕ್ಕಳಿಗೆ ಹಾಡು ಹೇಳಿಕೊಡಬೇಕು, ಸಹಾಯಕಿ ರಜೆ ಇದ್ದರೆ ಅಡುಗೆಯನ್ನೂ ಮಾಡಬೇಕು, ತೂಕ ಹಾಕಬೇಕು, ಅದನ್ನು ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಏರಿಸಬೇಕು. ನೆಟ್‌ವರ್ಕ್ ಬರುವುದು ಕಟ್ಟಡದ ಹಿಂದಿನ ಕಲ್ಲಿನ ಮೇಲೆ ನಿಂತರೆ ಮಾತ್ರ. ನಾನೊಮ್ಮೆ ಹೋದಾಗ ಅಕ್ಕೋರು ಆ ಕಲ್ಲಿನ ಮೇಲೆ ನಿಂತು ಮೊಬೈಲು ಎತ್ತಿ ಹಿಡಿದಿದ್ದರು. ಒಳಗೆ ಹದಿನೆಂಟು ಮಕ್ಕಳು. ಒಂದು ಮಗು ಬಾಗಿಲಿಗೆ ಬಂದು "ಅಕ್ಕೋರ, ಇವ ಉಚ್ಚಿ ಹೊಯ್ಕೊಂಡಾನ" ಅಂತ ಕೂಗುತ್ತಿತ್ತು. ಅಕ್ಕೋರು ಒಂದು ಕೈ ಮೇಲೆ ಇಟ್ಟುಕೊಂಡೇ "ಬಂದೆ ತಡಿ, ಇನ್ನೊಂದು ಹೆಸರು ಐತಿ" ಅಂದರು.

ಫಲ ಏನಾಯಿತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2015–16ರಲ್ಲಿ ರಾಜ್ಯದಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಐದು ವರ್ಷದೊಳಗಿನ ಮಕ್ಕಳು ನೂರಕ್ಕೆ 36.2. ಮುಂದಿನ ಸಮೀಕ್ಷೆಯಲ್ಲಿ, 2019–20ರಲ್ಲಿ, 35.4. ಒಂದು ಕೂಡ ಪೂರ್ತಿ ಇಳಿಯಲಿಲ್ಲ. ಮಕ್ಕಳ ರಕ್ತಹೀನತೆ 60.9 ಇದ್ದದ್ದು 65.5 ಆಯಿತು. ಇದು ಗೃಹಲಕ್ಷ್ಮಿಗಿಂತ ಮೊದಲಿನ ಅಂಕಿ, ಅದರ ತಲೆಗೆ ಕಟ್ಟುವುದು ಬೇಡ. ಹಾಲು ಇತ್ತು, 2013ರ ಆಗಸ್ಟ್‌ನಿಂದಲೇ ಕ್ಷೀರಭಾಗ್ಯ ಇತ್ತು. 2017ರ ಅಕ್ಟೋಬರ್‌ನಿಂದ ಬಸುರಿ, ಬಾಣಂತಿಯರಿಗೆ ಮಾತೃಪೂರ್ಣದ ಬಿಸಿಯೂಟ ಇತ್ತು. ಆ ಊಟ ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ಬಾಣಂತಿ ಹಸುಗೂಸು ಎತ್ತಿಕೊಂಡು, ಬಿಸಿಲಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು ಓಣಿ ದಾಟಿ ಬರುತ್ತಾಳಾ? ನಮ್ಮ ಕಡೆ ಬಾಣಂತನ ಅಂದರೆ ಏನು ಅಂತ ಗೊತ್ತಿದ್ದವರು ಆ ಆದೇಶ ಬರೆದಿರಲಿಕ್ಕಿಲ್ಲ.

ಬಾಣಂತನ ಅಂದ ಕೂಡಲೇ ನೆನಪಾಯಿತು. ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಆಕೆಯ ಬಾಣಂತನಕ್ಕೆ ಅಂತ ನಾವಿಬ್ಬರೂ ಹೋಗಿ ನಾಲ್ಕು ತಿಂಗಳು ಇದ್ದೆವು. ನನ್ನ ಹೆಂಡತಿಗೆ ಕೈತುಂಬ ಕೆಲಸ. ನನಗೆ ಒಂದೂ ಇಲ್ಲ. ಅಲ್ಲಿನ ಲೈಬ್ರರಿಯಲ್ಲಿ ಕುಳಿತು ಅವರ ರಾಜ್ಯಗಳ ಬಜೆಟ್ ಓದುತ್ತಿದ್ದೆ. ಅಳಿಯನಿಗೆ ಇದು ತಮಾಷೆ. ನನಗೆ ಮಾತ್ರ ಅಲ್ಲೊಂದು ಕಥೆ ಸಿಕ್ಕಿತು, ಅದನ್ನು ನಿಮಗೆ ಹೇಳಲೇಬೇಕು.

ಅಲ್ಲಿ 1935ರಿಂದಲೇ ದುಡಿಯುವ ಗಂಡಸಿಲ್ಲದ ಮನೆಯ ಮಕ್ಕಳಿಗೆ ಅಂತ ಕೈಗೆ ದುಡ್ಡು ಕೊಡುವ ಯೋಜನೆ ಇತ್ತು. ಬಡ ಮನೆಗಳು ಹೆಚ್ಚಾದರೆ ದುಡ್ಡೂ ಹೆಚ್ಚಾಗುತ್ತಿತ್ತು. ರಾಜ್ಯ ಖರ್ಚು ಮಾಡಿದ್ದಕ್ಕೆ ತಕ್ಕ ಪಾಲನ್ನು ಕೇಂದ್ರ ಕೊಡುತ್ತಿತ್ತು. ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎನ್ನುವ ಮಾತು ಅಲ್ಲೂ ಇತ್ತು, ನಮ್ಮಲ್ಲಿ ಇರುವುದಕ್ಕಿಂತ ಜೋರಾಗಿಯೇ ಇತ್ತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿ ಅದನ್ನು ಬದಲಿಸಿದರು. ಹೊಸದರ ಹೆಸರು ಟ್ಯಾನ್ಫ್. ಕೇಂದ್ರದ ದುಡ್ಡಿನಿಂದ ನಗದು ಪಡೆಯಲು ಒಂದು ಮನೆಗೆ ಜೀವಮಾನದಲ್ಲಿ ಐದು ವರ್ಷದ ಮಿತಿ. ಕೇಂದ್ರ ಎಲ್ಲ ರಾಜ್ಯಗಳಿಗೆ ಸೇರಿ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಗುಡ್ಡೆ ಹಾಕಿ ಕೊಟ್ಟುಬಿಡುವುದು. ಅದರಲ್ಲಿ ಏನು ಮಾಡುತ್ತೀರೋ ನೀವೇ ನೋಡಿಕೊಳ್ಳಿ, ಕೆಲವು ಉದ್ದೇಶಗಳ ಒಳಗಿದ್ದರೆ ಆಯಿತು.

ಲೆಕ್ಕದವರಿಗೆ ಇಂಥ ಗುಡ್ಡೆ ಸಿಕ್ಕರೆ ಏನು ಮಾಡುತ್ತಾರೆ ಅಂತ ನನ್ನನ್ನು ಕೇಳಿ. ಮೊದಲೇ ಇರುವ ಖರ್ಚನ್ನು ಅದರ ಮೇಲೆ ಹಾಕುತ್ತಾರೆ. ಅಲ್ಲೂ ಹಾಗೇ ಆಯಿತು. ಮಕ್ಕಳ ರಕ್ಷಣಾ ಇಲಾಖೆಯ ಖರ್ಚು, ಬೇರೆ ಮನೆಗಳಲ್ಲಿ ಬೆಳೆಯುವ ಮಕ್ಕಳ ಖರ್ಚು, ಬಾಲವಾಡಿ, ಕಾಲೇಜು ವಿದ್ಯಾರ್ಥಿವೇತನ, ಒಂದೊಂದಾಗಿ ಆ ಗುಡ್ಡೆಗೆ ಬಂದು ಸೇರಿದವು. ಮಿಸಿಸಿಪ್ಪಿ ರಾಜ್ಯದಲ್ಲಿ ಒಂದು ವಿಶ್ವವಿದ್ಯಾಲಯದ ವಾಲಿಬಾಲ್ ಅಂಗಣಕ್ಕೂ ಈ ಬಡವರ ದುಡ್ಡು ಹೋಗಿ ದೊಡ್ಡ ಹಗರಣವಾಯಿತು. ಗುಡ್ಡೆ ಮಾತ್ರ 1996ರಲ್ಲಿ ಇದ್ದಷ್ಟೇ ಇದೆ, ಅಲ್ಲಿನ ಬೆಲೆಗಳು ದುಪ್ಪಟ್ಟಾಗಿವೆ. 1996ರಲ್ಲಿ ಮಕ್ಕಳಿರುವ ನೂರು ಬಡ ಮನೆಗಳಲ್ಲಿ 68 ಮನೆಗೆ ನಗದು ಸಿಗುತ್ತಿತ್ತು. 2020ರ ಹೊತ್ತಿಗೆ 21. ಇಡೀ ಗುಡ್ಡೆಯಲ್ಲಿ ಬಡವರ ಕೈಗೆ ಹೋಗುವುದು ನಾಲ್ಕನೇ ಒಂದು ಭಾಗವೂ ಅಲ್ಲ.

ಇದರಲ್ಲಿ ನನ್ನನ್ನು ಕೊರೆದದ್ದು ಒಂದೇ. ಅವ್ವನ ಕೈಯ ದುಡ್ಡು ಕಡಿಮೆ ಮಾಡಿ, ಆ ದುಡ್ಡಿನಲ್ಲಿ ಅವಳ ಮಗು ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುವ ಅಧಿಕಾರಿಯ ಸಂಬಳ ಕೊಡುವುದು! 103ನೇ ಮನೆಯ ಹಿಟ್ಟಿನಲ್ಲಿ 102ನೇ ಮನೆಯವರು ರೊಟ್ಟಿ ಬಡಿದರು.

ನಮ್ಮಲ್ಲಿ ನಡೆದಿರುವುದು ಇದರ ಉಲ್ಟಾ. ನಗದಿನ ಮನೆ ಮಹಡಿ ಕಟ್ಟಿಸಿಕೊಂಡಿದೆ, ಮಕ್ಕಳ ಮನೆಯ ಮಾಳಿಗೆ ಸೋರುತ್ತಿದೆ. ನಗದು ಕೊಟ್ಟರೆ ಮೊಬೈಲಿನಲ್ಲಿ ಮೆಸೇಜ್ ಬರುತ್ತದೆ. ಮಕ್ಕಳ ರಕ್ಷಣಾ ಘಟಕದಲ್ಲಿ ಒಬ್ಬ ಸಮಾಜ ಕಾರ್ಯಕರ್ತನನ್ನು ಹೆಚ್ಚಿಗೆ ನೇಮಿಸಿದರೆ ಯಾರ ಮೊಬೈಲಿಗೂ ಮೆಸೇಜ್ ಬರುವುದಿಲ್ಲ.

ಒಂದು ಮಾರ್ಚ್ ತಿಂಗಳ ಕಥೆ ಹೇಳುತ್ತೇನೆ. ಯಾವ ಊರು, ಯಾವ ಕಚೇರಿ ಅನ್ನುವುದು ಬೇಡ. ಮಕ್ಕಳ ರಕ್ಷಣೆಯ ದುಡ್ಡು ವರ್ಷವಿಡೀ ಬರಲಿಲ್ಲ. ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನ ಕಂತು ಬರುವುದಿಲ್ಲ. ಹಿಂದಿನ ಕಂತು ಬಂದದ್ದೂ ತಡವಾಗಿ, ಖರ್ಚಾದದ್ದು ಇನ್ನೂ ತಡವಾಗಿ. ಹೀಗೆ ಒಂದಕ್ಕೊಂದು ಬಾಲ ಕಚ್ಚಿಕೊಂಡು ತಿರುಗುತ್ತಿರುತ್ತವೆ. ಮಾರ್ಚ್ 27ಕ್ಕೆ ಕಾಗದ ಬಂತು, 31ರೊಳಗೆ ಖರ್ಚು ಮಾಡಿ ಅಂತ. ಯಾವ ಬಾಬ್ತಿಗೆ? ಕಚೇರಿ ಪೀಠೋಪಕರಣ. ಹೊರಗೆ ನಮ್ಮ ಜೀಪು ಎರಡು ತಿಂಗಳಿಂದ ನಿಂತಿತ್ತು, ಡೀಸೆಲ್ಲಿಗೆ ದುಡ್ಡಿಲ್ಲ. ಮಕ್ಕಳ ಮನೆಗೆ ಹೋಗಿ ವರದಿ ತರಬೇಕಾದ ಹುಡುಗ ತನ್ನ ಬೈಕಿಗೆ ತಾನೇ ಪೆಟ್ರೋಲ್ ಹಾಕಿಸಿಕೊಂಡು ವಾರಕ್ಕೆ ಒಂದೋ ಎರಡೋ ಮನೆ ಮಾಡುತ್ತಿದ್ದ. ನಾವು ಕಬ್ಬಿಣದ ಕಪಾಟು ಕೊಂಡೆವು. ಮೂರು. 31ರ ರಾತ್ರಿ ಹತ್ತೂವರೆಗೆ ಬಿಲ್ಲು ಪಾಸಾಯಿತು. ಬಿಲ್ಲು ಬರೆದ ಕೈ ನನ್ನದೇ. ಒಂದು ಕಪಾಟಿನ ಬೀಗದಕೈ ಮೊದಲ ದಿನವೇ ಕಳೆಯಿತು.

ನಡುವೆ ಒಬ್ಬರು ಕೇಳಿದರು, ರಾಜ್ಯದ ಹತ್ತಿರ ದುಡ್ಡು ಎಲ್ಲಿಂದ ಬರಬೇಕು ಅಂತ. ನ್ಯಾಯವಾದ ಪ್ರಶ್ನೆ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಪಾಲಿನಲ್ಲಿ ಕರ್ನಾಟಕದ್ದು 14ನೇ ಹಣಕಾಸು ಆಯೋಗದಲ್ಲಿ ಶೇ 4.71 ಇತ್ತು, 15ನೆಯದರಲ್ಲಿ ಶೇ 3.65ಕ್ಕೆ ಇಳಿಯಿತು. ಇದು ಸಣ್ಣ ಏಟಲ್ಲ. ಆದರೆ ಇದೊಂದನ್ನೇ ಹೇಳಿ ಕೈತೊಳೆದುಕೊಳ್ಳುವುದಕ್ಕೂ ಆಗುವುದಿಲ್ಲ. 2020–21ರಿಂದ ನಮ್ಮ ಸರ್ಕಾರ ಮಕ್ಕಳ ಬಜೆಟ್ ಅಂತ ಬೇರೆ ಪುಸ್ತಕ ತರುತ್ತಿದೆ. ಒಳ್ಳೆಯ ಕೆಲಸ. ತೆಗೆದು ನೋಡಿದರೆ ಮಕ್ಕಳ ಹೆಸರಿನ ದುಡ್ಡಿನಲ್ಲಿ ದೊಡ್ಡ ಪಾಲು ಶಾಲೆಗಳದು, ಅದರಲ್ಲೂ ಮೇಷ್ಟ್ರುಗಳ ಸಂಬಳ. ಅದು ಬೇಕೇ ಬೇಕು. ರಕ್ಷಣೆಯ ಸಾಲು ಹುಡುಕಲು ಮಾತ್ರ ನನ್ನಂಥವನಿಗೂ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಇನ್ನೊಬ್ಬರು ಮಠಗಳ ಮಾತು ಎತ್ತಿದರು. ಹೌದು, ನಮ್ಮ ಈ ಭಾಗದಲ್ಲಿ ಬಡ ಮಕ್ಕಳನ್ನು ಸಾಕಿದ್ದು ಸರ್ಕಾರಕ್ಕಿಂತ ಮೊದಲು ಮಠಗಳು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಎಷ್ಟು ಜನ! ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಆಶ್ರಮ ನಡೆಸಲು ನಾಟಕ ಕಂಪನಿ ಕಟ್ಟಿದರು. ಬಣ್ಣ ಹಚ್ಚಿ ಮಕ್ಕಳ ಅನ್ನ ಹುಟ್ಟಿಸಿದ ಪುಣ್ಯಾತ್ಮರು ಅವರು. ಆದರೆ ದಾಸೋಹದಲ್ಲಿ ಊಟ ಸಿಗದಿದ್ದರೆ ಕೇಳುವ ಹಕ್ಕು ಯಾರಿಗೂ ಇಲ್ಲ. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕು ಅಂದಿತು. 2002ರಲ್ಲಿ ನಮ್ಮ ರಾಜ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದು, ಆರು ತಿಂಗಳಿಂದ ಹದಿನಾಲ್ಕು ವರ್ಷದವರೆಗಿನ ಮಗುವಿನ ಊಟ ಕಾನೂನಿನ ಹಕ್ಕಾಯಿತು. ಹೆಸರಿನಲ್ಲಿ ದಾಸೋಹ ಉಳಿಯಿತು, ಒಳಗೆ ಹಕ್ಕು ಬಂತು.

ಗೃಹಲಕ್ಷ್ಮಿಗೆ ಅಂಥ ಕಾಯ್ದೆ ಇಲ್ಲ, ಆದೇಶ ಇದೆ. ಆದೇಶ ಬರೆದ ಪೆನ್ನಿನಲ್ಲೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಬರೆಯಬಹುದು. ಅನ್ನಭಾಗ್ಯದಲ್ಲಿ ಅಕ್ಕಿಯ ಬದಲು ದುಡ್ಡು ಕೊಟ್ಟದ್ದು ನೆನಪಿದೆಯಲ್ಲ? 2023ರ ಜುಲೈನಿಂದ ಕೆಜಿಗೆ 34ರಂತೆ ಒಬ್ಬರಿಗೆ 170. 2025ರ ಫೆಬ್ರುವರಿಯಲ್ಲಿ ಮತ್ತೆ ಅಕ್ಕಿ ಬಂತು. ನನ್ನ ಓಣಿಯ ಹೆಂಗಸರು ಅಕ್ಕಿಯೇ ವಾಸಿ ಅಂದರು. ಅಕ್ಕಿ ಡಬ್ಬದಲ್ಲಿರುತ್ತದೆ, ದುಡ್ಡು ಗಂಡನ ಕಿಸೆಗೆ ದಾರಿ ಹುಡುಕಿಕೊಳ್ಳುತ್ತದೆ ಅಂತ.

ಕಾಯ್ದೆ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಇದೇ 2013ರ ಕಾಯ್ದೆ ಹೆರಿಗೆಗೆ ಕಡಿಮೆ ಅಂದರೂ 6,000 ಕೊಡಬೇಕು ಅನ್ನುತ್ತದೆ. ಅದಕ್ಕಾಗಿ ಇರುವ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಕೊಡುವುದು 5,000. ಉಳಿದ ಸಾವಿರ ಇನ್ನೊಂದು ಯೋಜನೆಯಲ್ಲಿ ಸೇರಿದೆ ಅಂತ ಹೇಳುತ್ತಾರೆ. ಇಂಥ ಕೂಡಿಸುವ ವಿದ್ಯೆ ನಮಗೆ ಹೊಸದಲ್ಲ.

ಭಾಗ್ಯಲಕ್ಷ್ಮಿ ಬಗ್ಗೆ ಕೇಳಿದವರಿಗೆ ಎರಡು ಮಾತು. 2006ರಲ್ಲಿ ಬಂದ ಯೋಜನೆ. ಬಡವರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿಗೆ ಠೇವಣಿ, ಹದಿನೆಂಟು ತುಂಬಿದ ಮೇಲೆ ಕೈಗೆ. ಅಲ್ಲಿಯವರೆಗೆ ಮದುವೆ ಆಗಬಾರದು, ಲಸಿಕೆ ಹಾಕಿಸಿರಬೇಕು, ಎಂಟನೇ ಕ್ಲಾಸಾದರೂ ಓದಿರಬೇಕು. 2024ರಿಂದ ಆ ಬಾಂಡುಗಳು ಕೈಗೆ ಬರತೊಡಗಿವೆ. ಜನ ಟ್ರಂಕಿನ ತಳದಿಂದ ಲ್ಯಾಮಿನೇಷನ್ ಮಾಡಿಸಿದ ಕಾಗದ ತೆಗೆದುಕೊಂಡು ಬರುತ್ತಾರೆ, ಕೈಗೆ ಲಕ್ಷ ಬರುತ್ತೆ ಅಂತ. ಲಕ್ಷದ ಲೆಕ್ಕ 2008ರ ಆಗಸ್ಟ್ ನಂತರದ್ದು, ಆಗ ಮೊದಲ ಮಗುವಿಗೆ ಠೇವಣಿ 19,300 ಆಯಿತು. ಅದಕ್ಕಿಂತ ಮೊದಲು ಹುಟ್ಟಿದವರ ಹೆಸರಿಗೆ ಇಟ್ಟದ್ದು 10,000, ಬರುವುದೂ ಅದಕ್ಕೆ ತಕ್ಕಂತೆ ಬಹಳ ಕಡಿಮೆ. ಇದನ್ನು ಹುಡುಗಿಯ ಎದುರಿಗೆ ಹೇಳಬೇಕಾಗಿ ಬಂದಾಗ ನನಗೆ ಬಾಯಿ ಬರುವುದಿಲ್ಲ. ಆದರೆ "ಬಾಂಡ್ ಐತ್ರಿ, ಹದಿನೆಂಟು ಆಗ್ಲಿ" ಅಂತ ಬೀಗರಿಗೆ ಹೇಳಿ ಮದುವೆ ಮುಂದಕ್ಕೆ ಹಾಕಿದ ಅಪ್ಪಂದಿರನ್ನು ನಾನು ಬಲ್ಲೆ. ಅಷ್ಟರ ಮಟ್ಟಿಗೆ ಆ ಕಾಗದ ದುಡಿದಿದೆ.

ಈಗ ಆ ಹುಡುಗ. ಮೊದಲ ಸಾಲಿನಲ್ಲಿ ಕುಳಿತ ಅಕ್ಕೋರೊಬ್ಬರು ಆಗಿನಿಂದ ಕೈ ಎತ್ತುತ್ತಿದ್ದಾರೆ, "ಅವಂದೇನಾತು ಹೇಳ್ರಿ" ಅಂತ.

ಅರ್ಜಿ ಹಾಕಿದೆವು. ಹಾಸ್ಟೆಲಿಗೆ, ಬಾಲಮಂದಿರಕ್ಕೆ ಸೇರಿಸಿದರೆ ಪ್ರಾಯೋಜಕತ್ವ ಸಿಗುವುದಿಲ್ಲ, ಮನೆಯಲ್ಲೇ ಇಟ್ಟುಕೋ ಅಂತ ನಾನೇ ಹೇಳಿದೆ. ಆಕೆ ನಂಬಿದಳು. ಮನೆಗೆ ಬಂದು ನೋಡಿ ವರದಿ ಬರೆಯಬೇಕು, ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬೇಕು, ಜಿಲ್ಲಾ ಮಟ್ಟದ ಸಮಿತಿ ಕುಳಿತು ಮಂಜೂರು ಮಾಡಬೇಕು. ಒಂದು ತಿಂಗಳು ಆಯಿತು, ಮೂರು ಆಯಿತು. ನೋಡಲು ಬರಬೇಕಾದವರು ಒಬ್ಬರೇ, ಅವರಿಗೆ ಇಡೀ ಜಿಲ್ಲೆ. ಐದನೇ ತಿಂಗಳಿಗೆ ಹುಡುಗ ರಾಣೆಬೆನ್ನೂರು ಕಡೆ ಕ್ರಾಸಿಂಗಿಗೆ ಹೋದ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಬೀಜೋತ್ಪಾದನೆ ಹೊಲದ ಕೆಲಸ. ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಕೈಯಿಂದ ಮುಟ್ಟಿಸುವುದು. ಗಿಡ ಗಿಡ್ಡ, ಹೂ ಸಣ್ಣದು, ಮಕ್ಕಳ ಎತ್ತರ ಮತ್ತು ಬೆರಳು ಹೇಳಿ ಮಾಡಿಸಿದ ಹಾಗೆ. ಮೂರು ವಾರ ಶಾಲೆ ತಪ್ಪಿತು.

ಸರಿಯಾಗಿ ಅದಾದ ಮೇಲೆ ವರದಿ ಬರೆಯುವವರು ಬಂದರು. ಹಾಜರಿ ಪುಸ್ತಕ ಕೇಳಿದರು. ಶಾಲೆಗೆ ಹೋಗದ ಮಗುವಿಗೆ ಈ ದುಡ್ಡು ಕೊಡುವುದು ಕಷ್ಟ. ಹೆಡ್ ಮಾಸ್ತರರು ಸುಳ್ಳು ಹಾಜರಿ ಹಾಕಲಿಲ್ಲ. ಇದ್ದದ್ದನ್ನು ಬರೆದು ಕೆಳಗೆ ಒಂದು ಸಾಲು ಸೇರಿಸಿದರು: "ತಾಯಿಯ ಕೈಗೆ ಗಾಯವಾಗಿ ಕೆಲಸ ತಪ್ಪಿದ್ದರಿಂದ ಬಾಲಕನು ದುಡಿಯಲು ಹೋಗಿದ್ದು, ಈಗ ತಪ್ಪದೆ ಬರುತ್ತಿದ್ದಾನೆ." ಬಂದವರು ಅದನ್ನು ಎರಡು ಸಲ ಓದಿ ವರದಿಗೆ ಸೇರಿಸಿಕೊಂಡರು.

ಮಂಜೂರಾತಿ ಬಂದದ್ದು ಹನ್ನೊಂದನೇ ತಿಂಗಳಿಗೆ. ಹಿಂದಿನ ಹನ್ನೊಂದು ತಿಂಗಳಿಗೆ ಏನೂ ಇಲ್ಲ.

ಹುಡುಗ ಮನೆಯಲ್ಲೇ ಇದ್ದಾನೆ, ಈಗ ಐದನೇ ಕ್ಲಾಸು. ಮೊನ್ನೆ ಅವ್ವ ಮಗ ಇಬ್ಬರೂ ಪಾಸ್‌ಬುಕ್ ಹಿಡಿದುಕೊಂಡು ಕಟ್ಟೆಗೆ ಬಂದಿದ್ದರು. ಪುಟ ತಿರುಗಿಸಿ ನನಗೆ ಓದಿ ಹೇಳಿದವನು ಅವನೇ. ಮೂರು ಕಂತು ಬಂದಿವೆ, ಎರಡು ಬಾಕಿ ಇವೆ. ಅದಕ್ಕೊಂದು ಅರ್ಜಿ ಬರೆದುಕೊಟ್ಟಿದ್ದೇನೆ.